ಎಡಗಾಲಿನ ಹಿಮ್ಮಡಿ

ಮಾರ್ಚ್ 3, ಸೋಮವಾರ

ಸಭಾಂಗಣದ ಕಾರ್ಯದರ್ಶಿ ಇಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ನನ್ನ ಕೈಗೆ ಒಂದು ಅರ್ಜಿ ನಮೂನೆ ಇಟ್ಟ. ಒಂಬತ್ತು ವರ್ಷದಿಂದ ಬೆಳಗಿನ ಆರು ಗಂಟೆಗೆ ಆ ಬಾಗಿಲಿನ ಬೀಗ ತೆಗೆಯುತ್ತಿರುವವನು ನಾನು. ನೆಲ ಗುಡಿಸುವವನು ನಾನು. ಕಿಟಕಿಯ ಮುರಿದ ಚಿಲಕಕ್ಕೆ ದಾರ ಕಟ್ಟಿದವನೂ ನಾನೇ. ಈಗ ಅಲ್ಲಿ ಯೋಗ ಹೇಳಿಕೊಡಲು ನಾನು ಅರ್ಹನೋ ಅಲ್ಲವೋ ಎಂದು ಸಮಿತಿ ತೀರ್ಮಾನಿಸುತ್ತದಂತೆ. ಈ ತಿಂಗಳ ಮೂವತ್ತಕ್ಕೆ ಸಭೆ.

"ಏನಿಲ್ಲ ಸಾರ್, ಬರೀ ಫಾರ್ಮಾಲಿಟಿ," ಎಂದ. "ಆರು ಗಂಟೆ ಕ್ಲಾಸನ್ನ ಇನ್ನೊಬ್ಬರೂ ಕೇಳಿದ್ದಾರೆ. ಅವರ ಹತ್ರ ಸರ್ಟಿಫಿಕೇಟ್ ಇದೆ. ನಿಮ್ಮ ಹತ್ರ ಏನಿದೆಯೋ ಬರ್ಕೊಡಿ, ಅಷ್ಟೇ."

ಬರೀ ಫಾರ್ಮಾಲಿಟಿ ಎಂಬ ಮಾತನ್ನು ನ್ಯಾಯಾಲಯದಲ್ಲಿ ಮೂವತ್ತನಾಲ್ಕು ವರ್ಷ ಕೇಳಿದ್ದೇನೆ. ಎಷ್ಟು ಸಲ ಬರೆದುಕೊಂಡಿದ್ದೆನೆಂದರೆ, ಶೀಘ್ರಲಿಪಿಯಲ್ಲಿ ಅದಕ್ಕೆ ನನ್ನದೇ ಒಂದು ಗೀಟು ಮಾಡಿಕೊಂಡಿದ್ದೆ. ಆ ಮಾತು ಕಿವಿಗೆ ಬಿದ್ದ ಮೇಲೆ ತನ್ನ ಮನೆಯನ್ನು ಉಳಿಸಿಕೊಂಡ ಕಕ್ಷಿದಾರ ಒಬ್ಬನೂ ನನಗೆ ನೆನಪಿಲ್ಲ. ನನಗೆ ನೆನಪಿಲ್ಲ ಎಂದರೆ ಇಲ್ಲ ಎಂದೇ ಅರ್ಥ.

ನಮೂನೆಯ ಆರನೆಯ ಪ್ರಶ್ನೆ, "ನಿಮ್ಮ ಗುರುಗಳ ವಿವರ." ಕೆಳಗೆ ನಾಲ್ಕು ಖಾಲಿ ಗೆರೆ. ಮೊದಲ ಗೆರೆಯಲ್ಲಿ ಟೈಲರ್ ಮೇಷ್ಟ್ರ ಹೆಸರು ಬರೆದೆ. ಉಳಿದ ಮೂರು ಗೆರೆಗಳ ಮೇಲೆ ಓರೆಯಾಗಿ ಒಂದೇ ಗೀಟು ಎಳೆದೆ, ಮುಂದೆ ಯಾರೂ ಏನನ್ನೂ ಸೇರಿಸದ ಹಾಗೆ. ದಸ್ತಾವೇಜನ್ನು ಮುಗಿಸುವ ಕ್ರಮ ಅದು. ನಾಲ್ಕು ಗೆರೆ ಬಿಟ್ಟಿದ್ದಾರೆ, ಗುರು ಎಂದರೆ ಅಂಗಡಿಯ ಸಾಮಾನು ಚೀಟಿ ಎಂದುಕೊಂಡಿದ್ದಾರೆ!

ಮಾರ್ಚ್ 4, ಮಂಗಳವಾರ

ಆ ಇನ್ನೊಬ್ಬಳು ಬಂದಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಸಭೆ ನಡೆಯುವವರೆಗೆ ವಾರದಲ್ಲಿ ಮೂರು ದಿನ ನಾನು, ಮೂರು ದಿನ ಅವಳು ಎಂದು ಸಮಿತಿ ಏರ್ಪಾಟು ಮಾಡಿದೆ, ಬೇರೆಯಾದ ಗಂಡಹೆಂಡಿರಿಗೆ ಮಗುವನ್ನು ಹಂಚಿದ ಹಾಗೆ. ಅವಳ ಮಣಿಕಟ್ಟಿನಲ್ಲಿ ಒಂದು ಗಡಿಯಾರ. ನಿಮಿಷಕ್ಕೊಮ್ಮೆ ಕೀಂ ಎನ್ನುತ್ತದೆ. ಕೀಂ ಎಂದರೆ ಆಸನ ಬಿಡಬೇಕು, ಮತ್ತೆ ಕೀಂ ಎಂದರೆ ಹಿಡಿಯಬೇಕು. ಎದೆಯೊಳಗೆ ಉಸಿರನ್ನು ಇಟ್ಟುಕೊಂಡು ಹುಟ್ಟಿದ ಮನುಷ್ಯನಿಗೆ ಇದೊಂದು ಬಾಕಿಯಿತ್ತು. ಅವಳಿಗೆ ಅಲಾರಾಂ ಎಂದು ಹೆಸರಿಟ್ಟಿದ್ದೇನೆ. ಈ ಪುಸ್ತಕದೊಳಗೆ ಮಾತ್ರ.

ನನ್ನ ಹತ್ತು ಜನರನ್ನೂ ತ್ರಿಕೋನಾಸನದಲ್ಲಿ ನಿಲ್ಲಿಸಿ ಹಿಂದೆ ಹೋದಳು. ಹೋದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಚಪ್ಪಲಿ ಕೊಳ್ಳಲು ಬಂದವರ ಹಾಗೆ ಎಲ್ಲರ ಪಾದ ನೋಡತೊಡಗಿದಳು.

"ಅಯ್ಯೋ, ಹತ್ತೂ ಜನರ ಕಾಲು ಒಂದೇ ಥರ ಇದೆಯಲ್ಲ!"

"ರೈಟ್," ಎಂದರು ಕಂಡಕ್ಟರು. ಬಸ್ಸಿನಿಂದ ಇಳಿದು ಆರು ವರ್ಷವಾದರೂ ಏನು ಹೇಳಿದರೂ ರೈಟ್ ಎನ್ನುವ ಅಭ್ಯಾಸ ಹೋಗಿಲ್ಲ.

"ರೈಟ್ ಅಲ್ಲ ಅಂಕಲ್, ಲೆಫ್ಟು. ಎಡಗಾಲು ನೋಡಿ. ಬೆರಳು ಹೊರಗೆ, ಹಿಮ್ಮಡಿ ಒಳಗೆ. ಮಂಡಿ ಹಿಂಡಿದ ಬಟ್ಟೆ ಥರ ಆಗಿದೆ. ಬಲಕ್ಕೆ ಬಾಗುವಾಗ ಎಡಪಾದ ಸ್ವಲ್ಪ ಒಳಗೆ ತಿರುಗಿರಬೇಕು, ಹಿಮ್ಮಡಿ ಹೊರಗೆ ತಳ್ಳಿರಬೇಕು. ಯಾರು ಕಲಿಸಿದ್ದು ಇದನ್ನ?"

ಹತ್ತು ಜನರೂ ನನ್ನ ಕಡೆ ನೋಡಿದರು. ಅವಳು ಎದ್ದು ಬಂದು, ಪಾಪ, ದನಿ ತಗ್ಗಿಸಿಯೇ ಕೇಳಿದಳು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮಗೆ ಕಲಿಸಿದವರಿಗೆ ಸೊಂಟದಲ್ಲಿ ಏನಾದ್ರೂ ತೊಂದರೆ ಇತ್ತಾ?"

"ಅವರಿಗೆ ಇದ್ದದ್ದು ಒಂದೇ ತೊಂದರೆ," ಎಂದೆ. "ಬಾಯಿಗೆ ಬಂದದ್ದು ಕೇಳುವವರನ್ನ ಕಂಡ್ರೆ ಆಗ್ತಿರಲಿಲ್ಲ."

ಗಡಿಯಾರ ಕೀಂ ಎಂದಿತು.

ಮಾರ್ಚ್ 7, ಶುಕ್ರವಾರ

ಮೂರು ದಿನದಿಂದ ಆ ಪ್ರಶ್ನೆ ತಲೆಯಲ್ಲಿ ಕುಕ್ಕುತ್ತಿದೆ. ಸೊಂಟದಲ್ಲಿ ತೊಂದರೆಯಂತೆ! ಮೇಷ್ಟ್ರು ಹೋಗಿ ಒಂಬತ್ತು ವರ್ಷವಾಯಿತು, ಉತ್ತರ ಕೊಡಲು ಅವರಿಲ್ಲ ಎಂದು ಯಾರು ಏನು ಬೇಕಾದರೂ ಕೇಳಬಹುದೆ? ಸಮಿತಿಗೆ ಬರೆಯುವ ಮೊದಲು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಇಟ್ಟುಕೊಳ್ಳುತ್ತೇನೆ.

ಆಗ ನನಗೆ ಮೂವತ್ತೊಂದು ವರ್ಷ. ದಿನಕ್ಕೆ ಎಂಟು ಗಂಟೆ ಬಾಗಿ ಬರೆದೂ ಬರೆದೂ ಬೆನ್ನು ಕುಡುಗೋಲಿನ ಹಾಗಾಗಿತ್ತು. ಕೆಲಸಕ್ಕೆಂದು ಒಂದು ಕರಿ ಕೋಟು ಹೊಲಿಸಲು ಹೋದೆ. ಟೈಲರ್ ಮೇಷ್ಟ್ರು ಅಳತೆ ಪಟ್ಟಿ ಹಿಡಿದು ನನ್ನ ಬೆನ್ನ ಹಿಂದೆ ಬಹಳ ಹೊತ್ತು ನಿಂತರು. ಆಮೇಲೆ ಪಟ್ಟಿ ಸುತ್ತಿಟ್ಟು, "ಈ ಬೆನ್ನಿಗೆ ನಾನು ಕೋಟು ಹೊಲಿಯಲ್ಲ. ಇದನ್ನ ಸರಿ ಮಾಡ್ಕೊಂಡು ಬನ್ನಿ. ಬೆಳಿಗ್ಗೆ ಆರಕ್ಕೆ ಮೇಲಿನ ರೂಮಿಗೆ ಬನ್ನಿ," ಎಂದರು. ಕೋಟು ಹೊಲಿದದ್ದು ಎರಡು ವರ್ಷದ ಮೇಲೆ. ಇವತ್ತಿಗೂ ಆ ಕೋಟು ನನ್ನ ಮೇಲೆ ಒಂದು ಗೆರೆ ಕೂಡ ಸುಕ್ಕಾಗುವುದಿಲ್ಲ.

ಅಂಗಡಿಯ ಮೇಲೆ ಒಂದೇ ಕೋಣೆ. ಅವರ ಪದ್ಧತಿ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ. ನಾವೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವರು ನಮ್ಮ ಬೆನ್ನ ಹಿಂದೆ. ಅಲ್ಲಿಂದ ಅವರ ದನಿ ಮಾತ್ರ ಬರಬೇಕು. ತಿರುಗಿ ನೋಡಿದರೆ ಆ ದಿನ ಪಾಠವಿಲ್ಲ. "ಕೇಳಿ ಮಾಡಿ, ನೋಡಿ ಮಾಡಬೇಡಿ," ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ತಾವೂ ಹಿಂದೆ ಮಾಡುತ್ತಿದ್ದರು ಎಂಬುದು ಉಳಿದವರಿಗೆ ಗೊತ್ತೇ ಇರಲಿಲ್ಲ.

ನನಗೆ ಗೊತ್ತಿತ್ತು. ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳುವ ಆಳೆತ್ತರದ ಕನ್ನಡಿಯೊಂದು ಅಂಚು ಒಡೆದುಕೊಂಡು ಆ ಕೋಣೆಯ ಮೂಲೆಗೆ ಬಂದು ಒರಗಿತ್ತು. ಎರಡನೆಯ ವಾರವೇ ನನ್ನ ಜಾಗವನ್ನು ಅದರ ಎದುರಿಗೆ ಬದಲಾಯಿಸಿಕೊಂಡೆ. ಅದರೊಳಗೆ ಮೇಷ್ಟ್ರು ತಲೆಯಿಂದ ಪಾದದವರೆಗೆ ಕಾಣುತ್ತಿದ್ದರು. ಉಳಿದವರು ಅವರ ಮಾತನ್ನು ಕಲಿತರು, ನಾನು ಅವರನ್ನೇ ಕಲಿತೆ. ಈ ಹೆಮ್ಮೆಯನ್ನು ಯಾರ ಮುಂದೆಯೂ ಆಡಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪಕ್ಕದಲ್ಲಿ ನಿಂತವರಿಗೆ ದಿನಾ ಹಿಂದಿನಿಂದ "ಎಡ ಹಿಮ್ಮಡಿ, ಎಡ ಹಿಮ್ಮಡಿ" ಎಂದು ಕೂಗುತ್ತಿದ್ದರು. ನನ್ನನ್ನು ಕುರಿತು ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಏನೂ ಹೇಳಬೇಕಾಗಿ ಬರಲಿಲ್ಲ.

ಮೂರು ವರ್ಷದ ಮೇಲೆ ಒಂದು ಸೋಮವಾರ ಹೋಗಿ ನೋಡುತ್ತೇನೆ, ಕನ್ನಡಿಗೆ ಕರಿಯ ಅಸ್ತರಿ ಬಟ್ಟೆ ಹೊದಿಸಿದ್ದರು. ಹೊರಗಿನದನ್ನು ನೋಡಿದ್ದು ಸಾಕು, ಇನ್ನು ಒಳಗೆ ನೋಡು ಎಂಬ ಪಾಠ. ಎಷ್ಟು ಮೌನವಾಗಿ ಹೇಳಿದರು! ಅದನ್ನು ಕುರಿತು ಪತ್ರಿಕೆಯ ಓದುಗರ ಅಂಕಣಕ್ಕೆ ಒಂದು ಲೇಖನ ಬರೆದೆ, ಅಚ್ಚಾಯಿತು. ಕತ್ತರಿಸಿ ತೆಗೆದುಕೊಂಡು ಹೋಗಿ ಕೊಟ್ಟೆ. ಮೇಷ್ಟ್ರು ಪೂರ್ತಿ ಓದಿ, ನನ್ನ ಪಾದದ ಕಡೆ ನೋಡಿ, ಏನೂ ಹೇಳದೆ ಹೊಲಿಯತೊಡಗಿದರು. ಅಂಥ ವಿನಯ ಈಗ ಎಲ್ಲಿದೆ?

ಮಾರ್ಚ್ 12, ಬುಧವಾರ

ಮೆಟ್ಟಿಲು ಇಳಿಯುವಾಗ ಎಡ ಮಂಡಿ ಮತ್ತೆ ಕಟಕ್ ಎಂದಿತು. ಕೆಳಗೆ ನಿಂತಿದ್ದ ನನ್ನ ಹೆಂಡತಿಗೆ ಅದು ಕೇಳಿಸಿತಂತೆ.

"ರೀ, ನೀವು ಕಂಬಿ ಹಿಡ್ಕೊಂಡು ಇಳಿಯೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು."

"ಮೂರು."

"ನಾಲ್ಕು. ಯಾವ ದಿನ ಅಂತ ಹೇಳ್ಲಾ?"

ಈ ಮನೆಯಲ್ಲಿ ಜ್ಞಾಪಕಶಕ್ತಿಯ ಕೀರ್ತಿ ನನ್ನದು, ಕೆಲಸ ಅವಳದು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳ ಜತೆ ಅಂಕಿಯ ಜಗಳ ನಾನು ಆಡಬಾರದು.

"ಆ ಹೊಸ ಹುಡುಗಿ ಏನೋ ಹೇಳಿದಳಂತಲ್ಲ, ನಿಮ್ಮ ಕಾಲಿನ ಬಗ್ಗೆ. ನಿಮ್ಮ ಕ್ಲಾಸಿನ ಔಷಧಿ ಅಂಗಡಿಯಮ್ಮ ಸಿಕ್ಕಿದ್ರು."

"ಔಷಧಿ ಅಂಗಡಿಯಮ್ಮನಿಗೆ ಬಾಯಿ ನೋವಿಗೆ ಮಾತ್ರೆ ಇಲ್ವಾ?"

"ನಿಮ್ಮ ಕಿವಿಗೆ ಇದೆಯಾ ಅಂತ ಕೇಳಿ ಬರ್ತೀನಿ," ಎಂದು ಒಳಗೆ ಹೋದಳು.

ವಯಸ್ಸು ಅರವತ್ತನಾಲ್ಕು. ಮಂಡಿ ನೋಯದೆ ಮೂಗು ನೋಯುತ್ತದೆಯೆ?

ಮಾರ್ಚ್ 15, ಶನಿವಾರ

ಸಮಿತಿಗೆ ಬರೆಯುವ ಪತ್ರ ಏಳನೆಯ ಪುಟಕ್ಕೆ ಬಂದಿದೆ. ಪರಂಪರೆ ಎಂದರೇನು ಎಂಬಲ್ಲಿಂದ ಆರಂಭಿಸಿದ್ದೇನೆ. ಎಡಪಾದವನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು ನಮ್ಮ ಮೇಷ್ಟ್ರ ವಿಶಿಷ್ಟ ಕ್ರಮವೆಂದೂ, ದೇಹದ ಭಾರವನ್ನು ಭೂಮಿಗೆ ಒಪ್ಪಿಸುವ ಅದರ ಒಳಾರ್ಥವನ್ನು ಮೂರು ತಿಂಗಳ ಸರ್ಟಿಫಿಕೇಟಿನವರು ತಿಳಿಯಲಾರರೆಂದೂ ಐದನೆಯ ಪುಟದಲ್ಲಿ ಸಾಧಿಸಿದ್ದೇನೆ. ಚೆನ್ನಾಗಿ ಬಂದಿದೆ.

ಇದೇ ಸಮಿತಿ ಹಿಂದೆ ಸಭಾಂಗಣದ ಓದುವ ಕೋಣೆಯನ್ನು ಮುಚ್ಚಿ ಕುರ್ಚಿಗಳ ಗೋದಾಮು ಮಾಡಿತು. ಆಗಲೂ ಬರೆದಿದ್ದೆ. ಆಗಲೂ ಫಾರ್ಮಾಲಿಟಿ ಎಂದಿದ್ದರು. ಯಾರಿಗೂ ನೆನಪಿಲ್ಲ. ಈ ಊರಿನ ಮರೆವನ್ನೆಲ್ಲ ನಾನೊಬ್ಬನೇ ಹೊತ್ತು ತಿರುಗುತ್ತಿದ್ದೇನೆ.

ಮಾರ್ಚ್ 19, ಬುಧವಾರ

ದ್ರೋಹ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಇಂದು ನನ್ನ ಪಾಠದ ದಿನ. ವೀರಭದ್ರಾಸನದಲ್ಲಿ ಔಷಧಿ ಅಂಗಡಿಯಮ್ಮನ ಎಡಪಾದ ಒಳಕ್ಕೆ ತಿರುಗಿತ್ತು. ಹೋಗಿ ಹೊರಕ್ಕೆ ತಿರುಗಿಸಿದೆ. ಮತ್ತೆ ಒಳಕ್ಕೆ ತಿರುಗಿಸಿಕೊಂಡರು.

"ಸಾರ್, ನನ್ನನ್ನ ಬಿಟ್ಬಿಡಿ. ಆ ಹುಡುಗಿ ಹೇಳಿದ ಹಾಗೆ ಹಿಮ್ಮಡೀನ ಗೋಡೆಗೆ ಒತ್ತಿ ಎರಡು ವಾರ ಮಾಡಿದೆ. ಮಂಡಿ ನೋವಿಗೆ ನನ್ನ ಅಂಗಡಿ ಮಾತ್ರೇನೇ ನಾನು ನುಂಗ್ತಿದ್ದೆ. ಹತ್ತು ದಿನದಿಂದ ಒಂದೂ ತಗೊಂಡಿಲ್ಲ."

"ಏಳು ವರ್ಷ ನಾನು ಕಲಿಸಿದ್ದು?"

"ಅದಕ್ಕೇ ಏಳು ವರ್ಷ ಮಾತ್ರೆ ನುಂಗಿದೆ ಅಂತ ನಾನು ಹೇಳಿಲ್ಲ ಸಾರ್," ಎಂದರು. ಹೇಳಿಲ್ಲವಂತೆ.

"ರೈಟ್," ಎಂದರು ಕಂಡಕ್ಟರು, ಯಾರ ಪರ ಎಂದು ತಿಳಿಯದ ಹಾಗೆ. ಅವರ ಪಾದವನ್ನು ನೋಡಿದೆ. ಅದೂ ಒಳಕ್ಕೆ ತಿರುಗಿತ್ತು.

ನನಗೀಗ ಸಾಕ್ಷಿ ಬೇಕು. ಮೇಷ್ಟ್ರ ಮಗಳು ಅದೇ ಅಂಗಡಿ ನಡೆಸುತ್ತಿದ್ದಾಳೆ. ಈ ಕ್ರಮ ಅವಳಪ್ಪನದೇ ಎಂದು ಅವಳ ಕೈಯಲ್ಲಿ ಎರಡು ಸಾಲು ಬರೆಸಿಕೊಂಡು ಬಂದರೆ ಎಲ್ಲರ ಬಾಯಿ ಮುಚ್ಚುತ್ತದೆ.

ಮಾರ್ಚ್ 22, ಶನಿವಾರ

ಅಂಗಡಿಗೆ ಹೋಗಿದ್ದೆ. ಎಷ್ಟೋ ತಿಂಗಳ ಮೇಲೆ. ಮೇಷ್ಟ್ರ ಕಾಲಿನ ಮಷೀನು ಹೋಗಿ ಕರೆಂಟಿನದು ಬಂದಿದೆ. ಮೇಲಿನ ಕೋಣೆಯ ತುಂಬ ಈಗ ಬಟ್ಟೆಯ ಥಾನುಗಳು.

ಮಗಳಿಗೆ ನಲವತ್ತಾಗಿದೆ. ಮೊದಲು ನೋಡಿದಾಗ ಖಾಲಿ ದಾರದುಂಡೆ ಉರುಳಿಸಿಕೊಂಡು ಆಡುತ್ತಿದ್ದಳು. ನನ್ನನ್ನು ಈಗಲೂ ಕೋರ್ಟ್ ಮಾಮ ಎನ್ನುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನ ಅಹವಾಲನ್ನೆಲ್ಲ ಕೇಳಿದಳು. ಎಡಪಾದದ ಮಾತು ಬಂದ ಕೂಡಲೆ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ನಾಳೆ ಬನ್ನಿ ಮಾಮ. ಭಾನುವಾರ, ಅಂಗಡಿ ಬಾಗಿಲು ಹಾಕಿರುತ್ತೆ. ಅಪ್ಪನ ಪುಸ್ತಕ ಹುಡುಕಿಟ್ಟಿರ್ತೀನಿ."

"ಪುಸ್ತಕ ಯಾಕಮ್ಮ? ಎರಡು ಸಾಲು ಬರ್ಕೊಡು, ಸಾಕು."

"ನಾನು ಬರೆದರೆ ನನ್ನ ಮಾತಾಗುತ್ತೆ. ಅಪ್ಪನೇ ಬರೆದಿದ್ದಾರೆ, ನಿಮ್ಮ ಬಗ್ಗೆ."

ನನ್ನ ಬಗ್ಗೆ ಬರೆದಿದ್ದಾರಂತೆ! ಹೆಂಡತಿಗೆ ಹೇಳಿದೆ. "ಒಳ್ಳೆಯದೇ ಬರೆದಿರ್ತಾರೆ ಅಂತ ಯಾಕೆ ಅಂದ್ಕೊಂಡ್ರಿ?" ಎಂದಳು. ಗಣಿತದವರಿಗೆ ಭಕ್ತಿ ಅರ್ಥವಾಗುವುದಿಲ್ಲ.

ಮಾರ್ಚ್ 23, ಭಾನುವಾರ

ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಅಳತೆ ಪುಸ್ತಕ. ಮುಂದಿನಿಂದ ತೆರೆದರೆ ಷರಟು, ಪ್ಯಾಂಟು, ಕೋಟು. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ನಾವು. ಬೆಳಗಿನ ಪಾಠಕ್ಕೆ ಬಂದ ಒಬ್ಬೊಬ್ಬರಿಗೂ ಒಂದೊಂದು ಪುಟ. ಯಾರ ಭುಜ ಎಷ್ಟು ಬೆರಳು ಇಳಿದಿದೆ, ಯಾರ ಉಸಿರು ಎಲ್ಲಿ ನಿಲ್ಲುತ್ತದೆ, ಯಾರಿಗೆ ಏನು ಹೇಳಿದೆ ಎಂಬುದನ್ನೆಲ್ಲ ಅಳತೆಯ ಹಾಗೆ ಬರೆದಿಟ್ಟಿದ್ದರು. ನನ್ನ ಪುಟದ ಮೇಲೆ "ಕೋರ್ಟು" ಎಂದಿತ್ತು. ಇದ್ದದ್ದನ್ನು ಇದ್ದ ಹಾಗೆಯೇ ಇಳಿಸಿಕೊಳ್ಳುತ್ತೇನೆ.

"ಬೆನ್ನು ವಾಸಿ. ಉಸಿರು ಗಿಡ್ಡ. ಮಾತು ಉದ್ದ.

ಎಡ ಹಿಮ್ಮಡಿ ಒಳಗೆ. ಇಂದು ನಾಲ್ಕು ಸಲ ಹೇಳಿದೆ. ಕೇಳಿಸಿಕೊಳ್ಳುತ್ತಿಲ್ಲ.

ಕನ್ನಡಿ ನೋಡುತ್ತಾನೆ.

ಕನ್ನಡಿಗೆ ಬಟ್ಟೆ ಹಾಕಿದೆ. ತಡವಾಯಿತು. ಕಾಲಿಗೆ ಅಭ್ಯಾಸವಾಗಿದೆ.

ಪತ್ರಿಕೆಯಲ್ಲಿ ಏನೋ ಬರೆದಿದ್ದಾನೆ. ಹಿಮ್ಮಡಿ ಹಾಗೇ ಇದೆ.

ಹಿಮ್ಮಡಿ ನನ್ನದು, ಅವನದಲ್ಲ. ಹೇಳಬೇಕು. ನಾಚಿಕೆ ಬಿಡಲಿಲ್ಲ."

ಕೊನೆಯ ಸಾಲಿನ ಶಾಯಿ ಬೇರೆ. ಅಕ್ಷರ ನಡುಗಿದೆ.

ನಾನು ತಲೆ ಎತ್ತುವಷ್ಟರಲ್ಲಿ ಮಗಳು ಒಳಗಿನಿಂದ ಅವರ ಹಳೆಯ ಪ್ಯಾಂಟು ತಂದು ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಎರಡು ಕಾಲುಗಳನ್ನು ಒಂದರ ಮೇಲೊಂದು ಇಟ್ಟಳು. ಎಡಗಾಲು ಒಂದೂವರೆ ಇಂಚು ಗಿಡ್ಡ. ಜತೆಗೆ ಒಂದು ಎಡಗಾಲಿನ ಚಪ್ಪಲಿ. ಅಟ್ಟೆಯ ಕೆಳಗೆ ಚರ್ಮದ ಮೂರು ಪದರ, ಹೊರಗಿನಿಂದ ಕಾಣದ ಹಾಗೆ ಹೊಲಿದದ್ದು.

"ಹತ್ತು ವರ್ಷದವರಿದ್ದಾಗ ಗೋಡೆಯಿಂದ ಬಿದ್ದಿದ್ದರಂತೆ ಮಾಮ. ಸೊಂಟದ ಮೂಳೆ ಸರಿಯಾಗಿ ಕೂಡಲಿಲ್ಲ. ಪಾದ ಹೊರಕ್ಕೇ ತಿರುಗಿ ನಿಂತ್ಬಿಡ್ತು. ಯೋಗ ಕಲಿತದ್ದೂ ಆ ನೋವಿಗೇ."

"ನಮಗೆ ಯಾರಿಗೂ ಕಾಣಲಿಲ್ಲವಲ್ಲಮ್ಮ."

"ಕಾಣಬಾರದು ಅಂತ್ಲೇ ಹೊಲ್ಕೊಂಡಿದ್ದರು. ತನ್ನ ಕಾಲೇ ಅಳತೆಗೆ ಬರದ ಮನುಷ್ಯ ನಮ್ಮ ಅಳತೆ ಏನು ತೆಗೀತಾನೆ ಅಂತ ಜನ ನಗ್ತಾರೆ ಅನ್ನೋರು. ನಿಮ್ಮನ್ನೆಲ್ಲ ಗೋಡೆ ಕಡೆ ತಿರುಗಿಸಿ ನಿಲ್ಲಿಸ್ತಿದ್ದದ್ದೂ ಅದಕ್ಕೇ."

ಆಮೇಲೆ ಅವಳು ಬಟ್ಟೆಯ ಚೂರುಗಳ ನಡುವೆ ಚಪ್ಪಲಿ ಬಿಟ್ಟು ನಿಂತು, ಸೆರಗು ಸಿಕ್ಕಿಸಿಕೊಂಡು ತ್ರಿಕೋನಾಸನ ಮಾಡಿ ತೋರಿಸಿದಳು. ಎಡಪಾದ ಒಳಕ್ಕೆ, ಹಿಮ್ಮಡಿ ಹೊರಕ್ಕೆ. ನೇರವಾದ ಕಾಲು. "ಅಪ್ಪ ಬಾಯಲ್ಲಿ ಹೇಳಿದ್ದು ಇದು," ಎಂದಳು. "ಕೇಳಿ ಕಲಿತವರೆಲ್ಲ ಹೀಗೇ ಮಾಡ್ತಾರೆ."

ಪುಸ್ತಕವನ್ನು ಒಂದು ವಾರಕ್ಕೆ ಕೊಟ್ಟಿದ್ದಾಳೆ.

ಮಾರ್ಚ್ 24, ಸೋಮವಾರ

ಮೈ ಸರಿಯಿಲ್ಲವೆಂದು ಹೇಳಿ ಕಳಿಸಿದೆ. ಮೈ ಸರಿಯಾಗಿಯೇ ಇತ್ತು.

ಮಾರ್ಚ್ 25, ಮಂಗಳವಾರ

ಒಂದು ಮಾತು. ಒಂದೇ ಒಂದು ಮಾತು ಹೇಳಬಹುದಿತ್ತು. ಇಪ್ಪತ್ತನಾಲ್ಕು ವರ್ಷ ನನ್ನ ಬೆನ್ನ ಹಿಂದೆಯೇ ನಿಂತಿದ್ದರಲ್ಲ! ಕೋಟಿನ ತೋಳು ಅರ್ಧ ಬೆರಳು ಹೆಚ್ಚಾದರೆ ಹೊಲಿಗೆ ಪೂರ್ತಿ ಬಿಚ್ಚುತ್ತಿದ್ದ ಮನುಷ್ಯ. ನನ್ನ ಮಂಡಿಯನ್ನು ಬಿಚ್ಚಿ ಹೊಲಿಯಲು ಆಗುತ್ತದೆಯೆ? ನಾನು ಹತ್ತು ಜನರಿಗೆ ಅದನ್ನು ಅಂಟಿಸಿದ್ದೇನಲ್ಲ, ಅದರ ಲೆಕ್ಕ ಯಾರಿಗೆ ಒಪ್ಪಿಸುವುದು?

ಹೇಳಲಿಲ್ಲ ಎನ್ನುವುದೂ ಸುಳ್ಳು. ಹೇಳಿದ್ದರು. ಎಡ ಹಿಮ್ಮಡಿ, ಎಡ ಹಿಮ್ಮಡಿ. ಈಗಲೂ ಕಿವಿಯಲ್ಲಿದೆ. ಪಕ್ಕದವನಿಗೆ ಎಂದುಕೊಂಡೆ. ಇಪ್ಪತ್ತನಾಲ್ಕು ವರ್ಷದಲ್ಲಿ ಪಕ್ಕದವರು ಎಷ್ಟು ಜನ ಬದಲಾದರು, ಎಣಿಸಿದೆ. ಹದಿನೇಳು. ಆ ಹದಿನೇಳು ಜನರ ಎಡ ಹಿಮ್ಮಡಿಯೂ ಕೆಟ್ಟಿತ್ತು ಎಂದು ನಂಬಿದವನು ನಾನು. ಸಾಕ್ಷಿಗಳ ಒಂದು ಕೆಮ್ಮನ್ನೂ ಬಿಡದೆ ಬರೆದುಕೊಂಡವನು.

ಮೇಷ್ಟ್ರ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ.

ಹೆಂಡತಿ ಪುಸ್ತಕ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದ ಹಾಗೆ ಕಂಡಿತು. ನಗಲಿಲ್ಲ. ನಗುತ್ತಾಳೆಂದು ಉತ್ತರ ಸಿದ್ಧಪಡಿಸಿಕೊಂಡಿದ್ದೆ, ಅದು ವ್ಯರ್ಥವಾಯಿತು.

ಮಾರ್ಚ್ 27, ಗುರುವಾರ

ಪರಿಶೀಲನೆಗೆಂದು ಆ ಹುಡುಗಿಯ ತರಗತಿಗೆ ಹೋದೆ. ಹಿಂದಿನ ಸಾಲಿನಲ್ಲಿ ನಿಂತೆ. ಅವಳು ಏನೂ ಕೇಳದೆ ಗೋಡೆಯ ಬುಡದ ಚಾಪೆ ತೋರಿಸಿದಳು.

ಹಿಮ್ಮಡಿಯನ್ನು ಗೋಡೆಗೆ ಒತ್ತಿದರೆ ಸೊಂಟದೊಳಗೆ ಎಲ್ಲೋ ತುಕ್ಕು ಹಿಡಿದ ಕೀಲು ಕದಲಿದ ಹಾಗಾಯಿತು. ಮೂವತ್ತಮೂರು ವರ್ಷ ಯೋಗ ಮಾಡಿದವನು ಮೊದಲ ದಿನದವನ ಹಾಗೆ ಬೆವೆತೆ. ಅವಳ ಮಾತಿನಲ್ಲಿ ದೋಷಗಳಿವೆ. ಉಸಿರು ಬಿಡಿ ಎನ್ನುವಲ್ಲಿ ಅವಸರ. ಸಂಸ್ಕೃತದ ಮಹಾಪ್ರಾಣಗಳೆಲ್ಲ ಅವಳ ಬಾಯಲ್ಲಿ ಪ್ರಾಣ ಬಿಡುತ್ತವೆ. ಗಡಿಯಾರ ಐವತ್ತೊಂಬತ್ತು ಸಲ ಕಿರುಚಿತು. ಎಲ್ಲವನ್ನೂ ಗುರುತು ಹಾಕಿಕೊಂಡಿದ್ದೇನೆ.

ಹೊರಡುವಾಗ, "ಸಾರ್, ನಾಳೆ ನಿಮ್ಮ ಕ್ಲಾಸಿಗೆ ನಾನು ಬರಬಹುದಾ? ಪ್ರಾಣಾಯಾಮ ನನಗೆ ಯಾರೂ ನೆಟ್ಟಗೆ ಹೇಳ್ಕೊಟ್ಟಿಲ್ಲ," ಎಂದಳು.

ಇದೂ ಒಂದು ತಂತ್ರವೇ ಇರಬೇಕು. ಬಾ ಎಂದೆ.

ಮಾರ್ಚ್ 30, ಭಾನುವಾರ

ಸಭೆ ಆಯಿತು. ತಲೆ ಸಿಡಿಯುತ್ತಿದೆ, ಆದರೂ ಬರೆದಿಡಬೇಕು.

ಕೋಟು ಹಾಕಿಕೊಂಡು ಹೋಗಿದ್ದೆ. ಹನ್ನೊಂದು ಪುಟದ ಪತ್ರ ಜೇಬಿನಲ್ಲೇ ಉಳಿಯಿತು. ಸಮಿತಿಯ ಐದು ಜನ, ನಮ್ಮ ಹತ್ತು ಜನ, ಆ ಹುಡುಗಿ. ಕಾರ್ಯದರ್ಶಿ ನನ್ನ ನಮೂನೆ ಎತ್ತಿ ಹಿಡಿದು, "ಸಾರ್, ಗುರುಗಳ ಕಾಲಂನಲ್ಲಿ ಗೀಟು ಹೊಡೆದುಬಿಟ್ಟಿದ್ದೀರಿ. ಸರ್ಟಿಫಿಕೇಟ್ ಇಲ್ಲ ಅಂತ ತಿಳ್ಕೋಬೇಕಾ?" ಎಂದ.

ಸರ್ಟಿಫಿಕೇಟ್ ತಂದಿದ್ದೇನೆ ಎಂದು ಎದ್ದು ನಿಂತು ಅಳತೆ ಪುಸ್ತಕ ತೆರೆದೆ. ನ್ಯಾಯಾಧೀಶರು "ಓದಿ" ಎಂದಾಗ ಸಾಕ್ಷಿಯ ಹೇಳಿಕೆಯನ್ನು ಓದುವ ದನಿಯೊಂದಿದೆ. ಅದರಲ್ಲಿ ಸಿಟ್ಟೂ ಇರಬಾರದು, ಕರುಣೆಯೂ ಇರಬಾರದು. ಆ ದನಿಯಲ್ಲಿ ಓದಿದೆ. ಬೆನ್ನು ವಾಸಿ. ಉಸಿರು ಗಿಡ್ಡ. ಮಾತು ಉದ್ದ. ಇಲ್ಲಿ ಕಂಡಕ್ಟರು ರೈಟ್ ಎಂದರು, ಎಲ್ಲರೂ ನಕ್ಕರು. ಎಡ ಹಿಮ್ಮಡಿ ಒಳಗೆ. ನಾಲ್ಕು ಸಲ ಹೇಳಿದೆ, ಕೇಳಿಸಿಕೊಳ್ಳುತ್ತಿಲ್ಲ. ನಗು ನಿಂತಿತು. ಕನ್ನಡಿ, ಬಟ್ಟೆ, ಪತ್ರಿಕೆ, ಎಲ್ಲ ಓದಿದೆ. "ಹಿಮ್ಮಡಿ ಹಾಗೇ ಇದೆ" ಎಂಬಲ್ಲಿಗೆ ನಿಲ್ಲಿಸಿದೆ.

"ನಿಮ್ಮೆಲ್ಲರಿಗೂ ನಾನು ಕೊಟ್ಟ ಕಾಲು ತಪ್ಪು ಕಾಲು," ಎಂದೆ. "ಮೇಷ್ಟ್ರು ಸರಿಯಾಗೇ ಹೇಳಿದ್ದರು. 'ಕೇಳಿ ಮಾಡಿ' ಅಂದಿದ್ದರು. ನಾನು ಕೇಳಲಿಲ್ಲ. ಅಷ್ಟೇ."

ಕಾರ್ಯದರ್ಶಿ ಕಕ್ಕಾಬಿಕ್ಕಿಯಾದ. "ಇದು ನಿಮ್ಮ ಪರವಾದ ಸಾಕ್ಷಿನಾ ಸಾರ್, ವಿರುದ್ಧನಾ?"

"ದಾಖಲೆ."

"ಹಾಗಾದ್ರೆ ಕೊಡಿ, ಆ ಪುಟ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕ್ತೀನಿ," ಎಂದು ಕೈ ಚಾಚಿದ.

ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ. ಮೂಲ ಪ್ರತಿಯನ್ನು ಕೈಬಿಡುವಂತಿಲ್ಲ ಎಂದೆ. ಅಂಥ ನಿಯಮವೇನೂ ಇಲ್ಲ.

ಆಗ ಆ ಹುಡುಗಿ ಎದ್ದಳು. "ಸಾರ್, ಆ ಪುಟದಲ್ಲಿ ಇರೋದು ಅಷ್ಟೇನಾ?"

ಮೂವತ್ತನಾಲ್ಕು ವರ್ಷದಲ್ಲಿ ಒಂದು ಪದ ಬಿಟ್ಟು ಓದಿದವನಲ್ಲ. ಕೊಲೆ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಅತ್ತದ್ದನ್ನೂ "ಅತ್ತರು" ಎಂದು ಓದಿದ್ದೆ.

"ಅಷ್ಟೇ," ಎಂದೆ.

ಅವಳು ನನ್ನ ಕಂಕುಳಲ್ಲಿದ್ದ ಪುಸ್ತಕ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಸಮಿತಿಯ ಕಡೆ ತಿರುಗಿ, "ಮೊದಲ ದಿನ ನಾನು ಸಾರ್ ಅವರ ಗುರುಗಳ ಸೊಂಟದ ಬಗ್ಗೆ ಏನೋ ಕೇಳಿದ್ದೆ. ಎಲ್ಲರ ಮುಂದೆ ಕೇಳಿದ್ದರಿಂದ ಎಲ್ಲರ ಮುಂದೆಯೇ ವಾಪಸ್ ತಗೋತೀನಿ. ಅವರು ಕಲಿಸಿದ್ದರಲ್ಲಿ ಏನೂ ತಪ್ಪಿರಲಿಲ್ಲ," ಎಂದು ಕೂತರು.

ಆರು ಗಂಟೆಯ ತರಗತಿ ಅವರಿಗೆ ಹೋಯಿತು. ಶನಿವಾರದ ಪ್ರಾಣಾಯಾಮ ಮಾತ್ರ ನನಗಿರಲಿ ಎಂದು ಅವರೇ ಸೂಚಿಸಿ, ಔಷಧಿ ಅಂಗಡಿಯಮ್ಮ ಅನುಮೋದಿಸಿದರು. ಭಿಕ್ಷೆ. ಒಪ್ಪಿಕೊಂಡು ಬಂದೆ.

ಮನೆಗೆ ಬಂದು ಕೋಟು ಬಿಚ್ಚಿ ನೇತುಹಾಕಿದೆ. ಬೆನ್ನಿನ ಮೇಲೆ ಇವತ್ತು ಒಂದು ಸುಕ್ಕು ಬಿದ್ದಿತ್ತು.

ಏಪ್ರಿಲ್ 2, ಬುಧವಾರ

ಪುಸ್ತಕ ಹಿಂದಿರುಗಿಸಿದೆ. "ಓದಿದ್ರಾ ಮಾಮ, ಸಭೇಲಿ?" ಎಂದಳು ಮೇಷ್ಟ್ರ ಮಗಳು. ಓದಿದೆ ಎಂದೆ. "ಪೂರ್ತಿ?" ಐದು ಸಾಲು ಎಂದೆ. ಪುಟದಲ್ಲಿ ಎಷ್ಟು ಸಾಲಿದೆ ಎಂದು ಅವಳಿಗೆ ಗೊತ್ತು. ತಿರುಗಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಮೂರು ಸಲ ತಪ್ಪಿತು. ಕೂತಿರಿ ಎಂದಳು, ಕೂರಲಿಲ್ಲ.

ಏಪ್ರಿಲ್ 9, ಬುಧವಾರ

ಆರು ಗಂಟೆಯ ತರಗತಿಯಲ್ಲಿ ಈಗ ಕಂಡಕ್ಟರು ನನ್ನ ಪಕ್ಕದ ಚಾಪೆಯವರು. ಗೋಡೆಗೆ ಹಿಮ್ಮಡಿ ಒತ್ತಿಕೊಂಡು ಪಿಸುಗುಟ್ಟಿದರು. "ಸಾರ್, ಐದು ವರ್ಷ ತಪ್ಪು ರೂಟಲ್ಲಿ ಹೋಗಿದ್ದೀವಿ, ವಾಪಸ್ ಬರೋಕೂ ಐದು ವರ್ಷ ಬೇಕಾ?"

"ಟಿಕೆಟ್ ಕೊಟ್ಟವನು ನಾನು. ನನ್ನನ್ನ ಬೈಯಿರಿ," ಎಂದೆ.

"ಬೈಯೋದೇನು, ಜತೇಲೇ ಇದ್ದೀರಲ್ಲ," ಎಂದರು.

ಮಾತಾಡಬೇಡಿ ಎಂದು ಟೀಚರ್ ಗದರಿದರು. ಅರವತ್ತು ದಾಟಿದ ಇಬ್ಬರನ್ನು! ಮಂಡಿ ಇಂದು ಮೆಟ್ಟಿಲಲ್ಲಿ ಸದ್ದು ಮಾಡಲಿಲ್ಲ. ಕಾಕತಾಳೀಯ.

ಏಪ್ರಿಲ್ 21, ಸೋಮವಾರ

ಸಭಾಂಗಣದ ವಾರ್ಷಿಕ ನೋಂದಣಿಗೆ ಹೊಸ ನಮೂನೆ. ಈ ಕಾರ್ಯದರ್ಶಿಗೆ ಕಾಗದ ಎಲ್ಲಿಂದ ಸಿಗುತ್ತದೆಯೋ. ಗುರುಗಳ ವಿವರಕ್ಕೆ ಅದೇ ನಾಲ್ಕು ಗೆರೆ. ಎರಡು ತುಂಬಿಸಿದೆ. ಕೆಳಗೆ ಗೀಟು ಎಳೆಯುವುದು ಮರೆತು ಹಾಗೇ ಕೊಟ್ಟುಬಿಟ್ಟಿದ್ದೇನೆ. ಮರೆವು ಶುರುವಾಯಿತು.

ಇವತ್ತು ತರಗತಿಯಲ್ಲಿ ಟೀಚರ್ ಹಿಂದಿನಿಂದ "ಎಡ ಹಿಮ್ಮಡಿ" ಎಂದರು. ಮತ್ತೆ ಎಂದರು. ಇನ್ನೊಮ್ಮೆ ಎಂದರು. ಈ ಕಂಡಕ್ಟರಿಗೆ ಎಷ್ಟು ಸಲ ಹೇಳಿದರೂ ಬುದ್ಧಿಯಿಲ್ಲವಲ್ಲ ಎಂದುಕೊಂಡೆ. ನಾಲ್ಕನೆಯ ಸಲಕ್ಕೆ ನನ್ನ ಕಾಲನ್ನು ನೋಡಿಕೊಂಡು, ಹಿಮ್ಮಡಿಯನ್ನು ಹೊರಕ್ಕೆ ಸರಿಸಿದೆ.

ಕೀಂ ಎಂದಿತು. ಆ ಗಡಿಯಾರದ ವಿಷಯ ಮಾತ್ರ ಸಮಿತಿಗೆ ಬರೆಯಲೇಬೇಕು.